ಅಜ್ಲೂನಿನ ದಾರಿ

"ಸಸ್ಪೆನ್ಷನ್ ಬದಲಾಯಿಸು, ಎಲ್ಲಕ್ಕಿಂತ ಮೆತ್ತಗಿರೋದು ಹಾಕು," ಎಂದ ಫಿರಾಸ್.

ಅಮ್ಮಾನಿನ ತನ್ನ ಗ್ಯಾರೇಜಿನಲ್ಲಿ ಕಾರೊಂದರ ಕೆಳಗೆ ಮಲಗಿದ್ದ ಅಬು ಉಸೈದ್ ತಲೆ ಹೊರಗೆ ಹಾಕಿ ನಕ್ಕ. "ಏನ್ ಮಾರಾಯ, ಹೊಟ್ಟೆ ರಸ್ತೆಗೆ ತಾಗೋ ಹಾಗಿರ್ಬೇಕು ಅಂತ ಕಾರನ್ನ ಇಳಿಸಿದೋನು ನೀನೇ ಅಲ್ವಾ? ಈಗ ಅಜ್ಜನ ಮಂಚ ಬೇಕಾಯ್ತಾ?"

ಫಿರಾಸ್ ನಗಲಿಲ್ಲ. "ಸಿಹಾಮ್‌ನ ಅಜ್ಲೂನಿಗೆ ಕರ್ಕೊಂಡ್ ಹೋಗ್ಬೇಕು."

ಅಬು ಉಸೈದ್ ಎದ್ದು ಕೈ ಒರೆಸಿಕೊಂಡ. ಮೊನ್ನೆ ತಾನೇ ಫಿರಾಸನ ಹೆಂಡತಿ ಸಿಹಾಮಳ ಅಕ್ಕ ವಿದಾದ್ ಅಜ್ಲೂನಿನಲ್ಲಿ ತೀರಿಕೊಂಡಿದ್ದಳು. ಗೆಳೆಯನ ಮನೆಗೆ ಹೋಗಿ ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಕುಡಿದು ಬಂದವರಲ್ಲಿ ಅವನೂ ಒಬ್ಬ.

"ಪೂರ್ತಿ ಮೆತ್ತಗೆ ಬೇಡ," ಎಂದ, ಈ ಸಲ ತಗ್ಗಿದ ದನಿಯಲ್ಲಿ. "ಆ ಗುಡ್ಡದ ತಿರುವುಗಳಲ್ಲಿ ದೋಣಿ ಥರ ಓಲಾಡಿ ಅವಳಿಗೆ ವಾಂತಿ ಬಂದೀತು. ಇದು ನೋಡು, ಎತ್ತರಾನೂ ಬಿಗೀನೂ ಬೇಕಾದ ಹಾಗೆ ಇಟ್ಕೋಬಹುದು. ಕಾರನ್ನ ಒಂಚೂರು ಎತ್ತಿಡೋಣ, ಹಂಪ್ ಬಂದಾಗ ತಳ ಹೊಡೀಬಾರದು. ಬಿಗಿ ಎಷ್ಟಿರಬೇಕು ಅನ್ನೋದು ಅವಳನ್ನ ಕೂರಿಸ್ಕೊಂಡು, ಓಡಿಸಿ ನೋಡಿ ಇಟ್ಕೊ."

"ಕಾರು ಇಳಿಸಿದಾಗ್ಲೂ ಇದು ಇತ್ತಲ್ವಾ?" ಎಂದ ಫಿರಾಸ್.

"ಇತ್ತು. ತೋರಿಸಿದ್ದೆ. ಹೆಂಗಸರ ಕಾರಿಗೆ ಹಾಕು ಅಂದಿದ್ದೆ ನೀನು."

ಹಾಗೆ ಕಾರನ್ನು ತಗ್ಗಿಸಿದ ಕೆಲವು ದಿನಕ್ಕೆ ಸಿಹಾಮ್ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬೆನ್ನು ನೋಯಿಸಿಕೊಂಡಿದ್ದಳು. ಆದರೂ ಒಂದು ಶುಕ್ರವಾರ ಅಕ್ಕನನ್ನು ನೋಡಲು ಹೊರಟರು. ಒಂದೊಂದು ಹಂಪಿಗೂ ಅವಳು ಬಾಗಿಲ ಹಿಡಿಗೆ ಜೋತುಬೀಳುತ್ತಿದ್ದಳು. ದಾರಿ ನಡುವಿನ ಜೆರಾಷ್ ತಲುಪುವಷ್ಟರಲ್ಲಿ ಅಳು ತಡೆಯಲಾಗಲಿಲ್ಲ. "ನನ್ನ ಕಾರಂದ್ರೆ ನಿನಗೆ ಮೊದಲಿಂದ್ಲೂ ಆಗಲ್ಲ. ಒಂದು ನೆಪ ಬೇಕಿತ್ತು, ಸಿಕ್ತು," ಎಂದು ಫಿರಾಸ್ ಅಲ್ಲಿಂದಲೇ ಕಾರು ತಿರುಗಿಸಿದ್ದ.

ಅವಳು ಮತ್ತೆ ಕೇಳಲಿಲ್ಲ. ಅಕ್ಕ ಹಾಸಿಗೆ ಹಿಡಿದಾಗಲೂ ಮಾತೆಲ್ಲ ಫೋನಿನಲ್ಲೇ. "ನನ್ನ ಬೆನ್ನು ಒಂಚೂರು ಸರಿಹೋಗ್ಲಿ ಅಕ್ಕಾ, ಬಂದೇ ಬರ್ತೀನಿ" ಎನ್ನುವುದು ಪಕ್ಕದ ಕೋಣೆಯಲ್ಲಿದ್ದ ಅವನಿಗೆ ಕೇಳಿಸುತ್ತಿತ್ತು. ಯಾರದಾದರೂ ಬೇರೆ ಕಾರು ಕೇಳಿ ತರಬಹುದಿತ್ತು. ಆದರೆ ತನ್ನ ಕಾರು ಸರಿಯಿಲ್ಲ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಸುದ್ದಿ ಬಂದ ಬೆಳಿಗ್ಗೆ ಸಿಹಾಮ್ ಬೆನ್ನುನೋವಿಗೆ ಹಾಸಿಗೆಯಿಂದ ಏಳಲಾರದೆ ಮಲಗಿದ್ದಳು. ಅಕ್ಕನ ಮುಖವನ್ನು ಕೊನೆಯದಾಗಿ ನೋಡುವುದೂ ಆಗಲಿಲ್ಲ.

ಹೊಸ ಸಸ್ಪೆನ್ಷನ್ ಕೂರಿಸಿದ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಬೀದಿಯಲ್ಲೇ ಸುತ್ತಿದ. ಪ್ರತಿ ಸುತ್ತಿಗೂ ಇಳಿದು ಬಿಗಿಯ ತಿರುಪನ್ನು ಅಷ್ಟಷ್ಟೇ ಸಡಿಲಿಸಿದ. ಒಮ್ಮೆ ಹೆಚ್ಚು ಸಡಿಲವಾಗಿ ಕಾರು ಕುಪ್ಪಳಿಸಿದಾಗ ಮತ್ತೆ ತುಸು ಬಿಗಿ ಮಾಡಿದ. ಕೊನೆಗೆ ಅವಳು "ಸಾಕು" ಎಂದಳು.

ಶುಕ್ರವಾರ ಹೊರಟರು. ಹಂಪ್ ಬಂದಾಗಲೆಲ್ಲ ಫಿರಾಸನ ಕಣ್ಣು ಅವಳ ಕೈಯ ಕಡೆಗೆ ಹೋಗುತ್ತಿತ್ತು. ಅಕ್ಕನ ಮಕ್ಕಳಿಗೆಂದು ತಂದ ಖರ್ಜೂರದ ಪೊಟ್ಟಣದ ಮೇಲಿಂದ ಆ ಕೈ ಕದಲಲಿಲ್ಲ. ಜೆರಾಷ್ ಹಿಂದೆ ಬಿತ್ತು. ಓಕ್ ಮರಗಳ ಗುಡ್ಡ ಹತ್ತಿ, ಇಳಿದು, ವಿದಾದಳ ಮನೆಯ ಮುಂದೆ ಕಾರು ನಿಂತಿತು.

ಸಿಹಾಮ್ ಇಳಿಯಲಿಲ್ಲ.

"ನೋವಾಯ್ತಾ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು, ಇಲ್ಲವೆಂದು. ಮನೆಯ ಮುಚ್ಚಿದ ಬಾಗಿಲ ಕಡೆ ನೋಡಿದಳು.

"ಇಷ್ಟು ಹತ್ತಿರ ಇತ್ತಾ ಫಿರಾಸ್, ಅಕ್ಕನ ಮನೆ?"