ನಡುವಿನ ಧೂಳು

ಮನೆಯ ಫ್ಯಾನಿನ ಮೇಲಿನ ಧೂಳೇ ಕಣ್ಣಿಗೆ ಬೀಳದ ನಾನು, ಪಕ್ಕದ ಕುಬ್ಜ ಗೆಲಾಕ್ಸಿಯೊಂದರಲ್ಲಿ ಧೂಳೆಷ್ಟಿದೆ ಎಂದು ಅದು ಸೂಸುವ ಅವಗೆಂಪು ಬೆಳಕನ್ನು ಅಳೆದು, ಪಿಎಚ್.ಡಿ.ಗೆ ಪ್ರಬಂಧ ಒಪ್ಪಿಸಿದ್ದೆ. ವೈವಾ ದಿನ ಬೆಳಿಗ್ಗೆ, ಉಪ್ಪಿಟ್ಟು ಬಾಯಲ್ಲಿರುವಾಗ ತಪ್ಪು ಹೊಳೆಯಿತು. ನಮಗೂ ಆ ಗೆಲಾಕ್ಸಿಗೂ ನಡುವೆ ನಮ್ಮ ಕ್ಷೀರಪಥದ ಧೂಳೂ ಹಾಗೇ ಬೆಳಗುತ್ತಿರುತ್ತದೆ. ಅದನ್ನು ಕಳೆಯುವುದನ್ನೇ ನಾನು ಮರೆತಿದ್ದೆ.

"ಕೇಳಿದ್ರೆ ಹೇಳು, ಕೇಳದಿದ್ರೆ ಬಾಯಿ ಬಿಡ್ಬೇಡ. ಮೊದ್ಲೇ ಪುಕ್ಕಲಿ ನೀನು," ಎಂದರು, ನಾನು ಓಡಿಹೋಗಿ ಹೇಳಿದಾಗ, ಗೈಡ್ ಮೇಡಂ.

ಪರೀಕ್ಷಕರು ಅದೇ ಗೆಲಾಕ್ಸಿಯ ಧೂಳನ್ನು ಹಿಂದೆ ಲೆಕ್ಕ ಹಾಕಿ ಹೆಸರಾದ ಹಿರಿಯರು. ಮುಚ್ಚಿದ ಕೋಣೆಯಲ್ಲಿ ನಾವು ಮೂವರೇ. ಅವರು ಎಲ್ಲವನ್ನೂ ಕೇಳಿದರು, ಅದೊಂದನ್ನು ಬಿಟ್ಟು.

"ಭೇಷ್ ಕಣಮ್ಮ! ನನ್ನ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಎಂದು ಸಹಿ ಹಾಕಲು ಪೆನ್ನು ತೆಗೆದರು.

ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಸುಮ್ಮನಿದ್ದರೆ ಡಾಕ್ಟರೇಟು ಕೈಗೆ ಬಂದಂತೆಯೇ. ಆದರೆ ಸತ್ಯವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದಕ್ಕೂ ಧೈರ್ಯ ಬೇಕು. ನನಗೆ ಅಷ್ಟೂ ಇಲ್ಲ.

"ಸಾರ್, ಅದ್ರಲ್ಲಿ ಮುಕ್ಕಾಲು ಪಾಲು ನಮ್ಮ ಕ್ಷೀರಪಥದ ಧೂಳು. ಕಳೆಯೋದು ಮರ್ತುಬಿಟ್ಟೆ."

ಮೇಡಂ ಕಣ್ಣು ಮುಚ್ಚಿಕೊಂಡರು. ಪೆನ್ನು ಕಾಗದದ ಮೇಲೆ ನಿಂತಿತು. ನನ್ನ ಡಾಕ್ಟರೇಟಿಗೆ ನಾನೇ ಎಳ್ಳುನೀರು ಬಿಟ್ಟೆ ಎಂದುಕೊಂಡೆ.

ಪರೀಕ್ಷಕರು ಎದ್ದು, ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿ ಬಂದು, ದನಿ ತಗ್ಗಿಸಿ ಕೇಳಿದರು:

"ಇದನ್ನ ಇನ್ನೂ ಯಾರಿಗೆಲ್ಲ ಹೇಳಿದ್ದೀಯಮ್ಮ?"