ಪಾಮ್ ಗಿಡಗಳ ಹಗೆ

ಅಲ್ಲಾಬಕ್ಷ ಗಿಡದ ಬುಡದ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ಥೂ ಎಂದು ಉಗಿದ.

"ಉಪ್ಪು! ಯಾರೋ ಸುರಿದಾರ್ರಿ. ಮೊದಲು ಒಣಗಿದ ಗಿಡ ಕಿತ್ತು ತಂದು ಹಚ್ಚುವಾಗ ಬೇರಿಗೆ ಪೆಟ್ಟು ಬಿದ್ದು ಹೋಗೈತಿ, ಅದರ ಬುಡದಾಗ ಉಪ್ಪಿಲ್ಲ. ಆಮ್ಯಾಲೆ ಒಣಗಿದ ಮೂರಕ್ಕೂ ಐತಿ."

ರಾಣೆಬೆನ್ನೂರಿನ ತನ್ನ ನರ್ಸರಿಯಿಂದ ಆ ಹತ್ತು ಪಾಮ್ ಗಿಡ ತಂದುಕೊಟ್ಟವನು ಅವನೇ. ಹಾವೇರಿಯ ಈ ಹೊಸ ಕಲ್ಯಾಣ ಮಂಟಪದ ಮಾಲೀಕ ವಿಜಯಮಹಾಂತೇಶ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ, ಮಾಲಿ ಗೋಣೆಪ್ಪನತ್ತ ತಿರುಗಿದ.

"ಗೇಟಿಗೆ ಕೀಲಿ ಇರತೈತಿ. ಒಳಗ ಯಾರು ಬಂದ್ರು? ಇನ್ನೊಂದು ಗಿಡ ಒಣಗಿತಂದ್ರ ನಿನಗ ಕೆಲಸಾನೂ ಇಲ್ಲ, ಖೋಲಿನೂ ಇಲ್ಲ."

ಮಂಟಪದ ಹಿಂದಿನ ಆ ಖೋಲಿ ಬಿಟ್ಟರೆ ಗೋಣೆಪ್ಪನಿಗೂ ಅವನ ಹೆಂಡತಿ ಹೊನ್ನವ್ವನಿಗೂ ಬೇರೆ ಸೂರಿಲ್ಲ. ಪಾಪ, ಗಂಡನಿಗೆ ಸೊಂಟನೋವು ಎಂದು ಬೆಳಗಿನ ನೀರನ್ನೂ ಅವಳೇ ಬಿಡುತ್ತಿದ್ದಳು. ಇಬ್ಬರೂ ಮಕ್ಕಳಂತೆ ಸಾಕಿದ ಗಿಡಗಳಿಗೆ ಇಂಥ ಗತಿ ಬರಬೇಕೇ?

ಹಗೆ ಯಾರು? ಇನ್ಯಾರು, ಮೈಲೇಶ! ಗೋಣೆಪ್ಪನಿಗಿಂತ ಮೊದಲು ಇಲ್ಲಿ ಮಾಲಿಯಾಗಿದ್ದು ಕೆಲಸ ಕಳೆದುಕೊಂಡವನು. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಇಟ್ಟಿದ್ದ. ಗೋಣೆಪ್ಪ ನೆಟ್ಟಗೆ ಅಲ್ಲಿಗೆ ಹೋಗಿ ಅವನ ಕೊರಳಪಟ್ಟಿಗೆ ಕೈ ಹಾಕಿದ.

"ನನ್ನ ಹೊಟ್ಟಿ ಮ್ಯಾಲ ಯಾಕ ಹೊಡಿಯಾಕತ್ತೀಯೋ?"

"ನನ್ನ ಮಕ್ಕಳಾಣೆ ಗೋಣೆಪ್ಪಣ್ಣ, ಆ ಗೇಟು ದಾಟಿ ಆರು ತಿಂಗಳಾತು!"

ಚಹಾ ಕುಡಿಯಲು ಬಂದವರು ಗೋಣೆಪ್ಪನನ್ನೇ ಹೊರಗೆ ದಬ್ಬಿದರು. ಬಡವನ ಕೋಪ ದವಡೆಗೆ ಮೂಲ, ಮತ್ತೇನು! ಸಾಕ್ಷಿಯಿಲ್ಲ, ಬಲವಿಲ್ಲ, ಕೇಳುವವರಿಲ್ಲ. ಬಿಸಿಲಲ್ಲಿ ನಡೆದು ಬರುವಾಗ ಅವನಿಗೆ ಅಳುವೇ ಬಂತು.

ಖೋಲಿಯಲ್ಲಿ ಹೊನ್ನವ್ವ ರೊಟ್ಟಿ ಬಡಿಸಿದಳು. ಗೋಣೆಪ್ಪ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕೂತ.

"ಇನ್ನೊಂದು ಗಿಡ ಹೋತಂದ್ರ ನಾವು ಬೀದಿಗೆ ಬೀಳ್ತೀವಿ, ಹೊನ್ನವ್ವಾ."

ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತ್ತು.

"ಅಂಜಬ್ಯಾಡ್ರಿ. ನಾ ಐರಣಿಯ ತೆಂಗಿನ ತೋಟದಾಗ ಬೆಳದಾಕಿ. ತೆಂಗು ಸೊರಗಿದ್ರ ನಮ್ಮಪ್ಪ ಬುಡಕ್ಕ ಒಂದು ಔಷಧ ಹಾಕ್ತಿದ್ದ. ನಿಮ್ಮ ಮೊದಲನೇ ಗಿಡ ಒಣಗಿದಾಗಿಂದ ಬಾಡಿದಂಗ ಕಂಡ ಗಿಡಕ್ಕ ನಾನೂ ಅದನ್ನ ಹಾಕಾಕತ್ತೇನಿ. ಆ ಮೂರಕ್ಕ ಕಡಿಮಿ ಬಿತ್ತು ಕಾಣ್ತೈತಿ."

ಗೋಣೆಪ್ಪನ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಅದಕ್ಕ ಈಗ ನೀವು ಹೊರಗ ಹೋದಾಗ, ಉಳಿದ ಆರಕ್ಕೂ ಎರಡೆರಡು ಬೊಗಸಿ ಉಪ್ಪು ಸುರಿದು ನೀರು ಬಿಟ್ಟು ಬಂದೇನ್ರಿ."