ಕತ್ತಿಯ ನುಡಿ

ಮಡೆಪ್ಪನ ಮೊಹರಂ ಹಾಡಿಗೆ ಅಷ್ಟೂರಿನಲ್ಲಿ ಊರಿಗೆ ಊರೇ ಅತ್ತಿತು. ಯುನುಸ ಮಾತ್ರ ಅಳಲಿಲ್ಲ. ಕಟ್ಟೆಯ ಮೇಲೆ ಒಬ್ಬನೇ ಕುಳಿತು ಶೇಂಗಾ ಸುಲಿದು ತಿನ್ನುತ್ತಿದ್ದ. ಹಿಂದೆ ಇದೇ ಯುನುಸ ಹಾಡು ಶುರುವಾಗುವ ಮೊದಲೇ ಅಳುತ್ತಾನೆಂದು ಊರವರು ನಗುತ್ತಿದ್ದರು.

ಇದು ಹಳೆಯ ಕರ್ಬಲಾ ಹಾಡಲ್ಲ, ಹೊಸದು. ನಿಜಾಮರ ಕುದುರೆ ದಂಡಿನೊಂದಿಗೆ ಜರ್ಮನ್ ಯುದ್ಧಕ್ಕೆ ಹೋಗಿ, ಮಿಸರ ದೇಶದ, ಅಂದರೆ ಈಜಿಪ್ಟಿನ, ಮರಳುಗಾಡಿನಲ್ಲೇ ಮಣ್ಣಾದ ಅಬ್ದುಲ ಸಮದನ ಹಾಡು. ಮಗನ ಹೆಸರು ಹಾಡಿನಲ್ಲಾದರೂ ಉಳಿಯಲಿ ಎಂದು ತಾಯಿ ಖಾಸಿಂಬಿ ಸೆರಗೊಡ್ಡಿ ಕೇಳಿದ್ದಳು. ಅವನು ಹೇಗೆ ಸತ್ತನೆಂದು ಅವಳಿಗೆ ಗೊತ್ತಿರಲಿಲ್ಲ. ಜತೆಗೆ ಹೋಗಿ ತಿರುಗಿ ಬಂದವನು ಯುನುಸ ಒಬ್ಬನೇ. ಹಾಡು ಕಟ್ಟುವ ಮೊದಲು ಮಡೆಪ್ಪ ಅವನನ್ನು ಕೇಳಿ ನೋಡಿದ್ದ.

“ಸಮದ ಹ್ಯಾಂಗ ಸತ್ತ, ಹೇಳಪಾ.”

“ಸತ್ತರಿ.”

“ಕೈಯಾಗ ಕತ್ತಿ ಇತ್ತೇನು?”

“ಇದ್ದಿರಬೇಕರಿ.”

ಇಷ್ಟರಲ್ಲಿ ಯಾವ ಹಾಡು ಕಟ್ಟುವುದು? ಮಡೆಪ್ಪ ತನಗೆ ತಿಳಿದಂತೆ ಕತ್ತಿ, ಕುದುರೆ, ನೆತ್ತರು ತುಂಬಿದ. ಹಾಡು ಕೇಳಿಯಾದರೂ ಯುನುಸ ಬಾಯಿ ಬಿಟ್ಟಾನೆಂಬ ಆಸೆ ಅವನಿಗಿತ್ತು.

“ಕತ್ತಿ ಹಿಡದಾನೋ ಸಮದ, ವೈರಿ ತಲಿ ಕಡದಾನೋ” ಎಂಬ ನುಡಿ ಬಂದಾಗ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದರು. ಯುನುಸ ಅಂಗೈಯಲ್ಲಿದ್ದ ಶೇಂಗಾ ಸಿಪ್ಪೆ ಊದಿದ. ಮಡೆಪ್ಪನ ಪಿತ್ತ ನೆತ್ತಿಗೇರಿತು.

“ಏ ಯುನುಸ! ನಿನ್ನ ಎದ್ಯಾಗ ಇರೋದು ಕಲ್ಲೇನೋ? ಒಂದ ತಾಟಿನ್ಯಾಗ ಉಂಡವನ ಹಾಡಿಗಿ ಒಂದ ಹನಿ ಕಣ್ಣೀರಿಲ್ಲ!”

ಯುನುಸ ತಲೆ ಎತ್ತಿದ. “ಹಾಡು ಚಲೋ ಅದರಿ ಕಾಕಾ. ಹಾಡ್ರಿ ಮುಂದ.”

“ಕಣ್ಣೀರ ದಂಡಿನ್ಯಾಗೇ ಮಾರಿ ಬಂದಾನ,” ಎಂದು ಯಾರೋ ಅಂದರು. ಜನ ನಕ್ಕರು.

ಹಾಡು ನಿಂತಿತು, ಶರಬತ್ತು ಬಂತು. ಖಾಸಿಂಬಿ ತಾನೇ ಒಂದು ಬಟ್ಟಲು ತುಂಬಿ ಯುನುಸನ ಕೈಗೆ ಕೊಟ್ಟಳು. ಅವನು ಒಂದೇ ಒಂದು ಗುಟುಕು ಕುಡಿದ. ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿ, ತಿರುಗಿ ನೋಡದೆ ಎಡಕ್ಕೆ ಚಾಚಿದ.

ಎಡಕ್ಕೆ ಯಾರೂ ಇರಲಿಲ್ಲ. ಚಾಚಿದ ಕೈ ಹಾಗೇ ಇತ್ತು.

ಖಾಸಿಂಬಿ ಹೋಗಿ ಅವನ ಎಡಕ್ಕೆ ಕುಳಿತಳು. ಬಟ್ಟಲು ತೆಗೆದುಕೊಂಡು ತುಸು ಕುಡಿದಳು.

“ಇನ್ನೊಂದ ಗುಟುಕು ಕುಡಿಯೋ ಸಮದ,” ಎಂದ ಯುನುಸ, ಎದುರಿಗೇ ನೋಡುತ್ತ. “ನೀರು ಹೊತ್ತ ಒಂಟಿಗೋಳು ಬರ್ಲಾಕತ್ತಾವ. ಕಣ್ಣ ಮುಚ್ಚಬ್ಯಾಡ.”

ಅವನ ದನಿಯಲ್ಲಿ ದುಃಖವೂ ಇರಲಿಲ್ಲ. ದಿನಾ ಹೇಳಿ ಹೇಳಿ ರೂಢಿಯಾದ ಮಾತಿನಂತಿತ್ತು.

ಮಡೆಪ್ಪನಿಗೆ ತಾನಾಡಿದ ಮಾತು ನೆನೆದು ನಾಚಿಕೆಯಿಂದ ಮೈ ಹಿಡಿಯಾಯಿತು. ಕಲ್ಲು ಅಂದುಬಿಟ್ಟೆನಲ್ಲ, ಅದೂ ಇಷ್ಟು ಜನರ ಎದುರಿಗೆ! ಹತ್ತಿರ ಬಂದು, “ಅಕ್ಕಾ, ನನ್ನಿಂದ ತಪ್ಪಾತು,” ಎಂದ.

ಖಾಸಿಂಬಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಆ ಕತ್ತಿ ನುಡಿ ತೆಗದಬಿಡೋ ತಮ್ಮಾ,” ಎಂದಳು. “ನನ್ನ ಮಗಗ ನೀರಡಿಕಿ ಆಗಿತ್ತು.”